ಅಕ್ಕ ‘ಮರೆತ’ ಗುಳಿಗೆ

ಹೋದ ಭಾನುವಾರ ಮಲ್ಕಾಜ್‌ಗಿರಿಯಲ್ಲಿ ನಮ್ಮ ಭಾವನವರ ಮನೆಯಲ್ಲಿ ಊಟ. ಭಾವ ಅಂದರೆ ನನ್ನ ಗಂಡನ ಅಣ್ಣ, ರೈಲ್ವೆಯಲ್ಲಿದ್ದು ರಿಟೈರ್ ಆದವರು. ಬಡಿಸುತ್ತಿದ್ದವಳು ಅವರ ಹೆಂಡತಿ ಸುಶೀಲಕ್ಕ, ನನ್ನ ನೆಗೆಣ್ಣಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಆಹಾ ಅಂತ ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಭಾವ ಎದ್ದು ಹೋದರು. ಶೆಲ್ಫಿನಿಂದ ಬಿಪಿ ಗುಳಿಗೆ ತಂದು ಅಕ್ಕನ ಅಂಗೈಯಲ್ಲಿಟ್ಟರು. ಅವಳು ನುಂಗುವ ತನಕ ಎದುರಿಗೇ ನಿಂತರು.

“ಬಾಯಿ ತಗಿ, ನೋಡೂಣು” ಅಂದರು.

ಅಕ್ಕ ಬಾಯಿ ತೆಗೆದಳು. (ಅರವತ್ತು ದಾಟಿದ ಹೆಂಗಸು. ಒಂದು ಕೈಯಲ್ಲಿ ಇನ್ನೂ ಪಲ್ಯದ ಸೌಟು.)

ಎಲ್ಲರೂ ನಕ್ಕರು. “ಲಡಾಖ್‌ನ್ಯಾಗ ಒಂದ ಗುಳಗಿ ಮರ್ತು ಜೀವಾ ಕಳಕೊಳ್ಳಾಕಿದ್ದಳು ಇಕಿ. ಇನ್ನ ಇಕಿ ಮ್ಯಾಲ ಬಿಟ್ರ ಆಗಂಗಿಲ್ಲ” ಅಂದರು ಭಾವ. ಒಂದು ವಾರ ಬಿಟ್ಟು ಬರುವ ಸೋಮವಾರ ಬೇಗಂಪೇಟೆಯ ಒಬ್ಬ ಡಾಕ್ಟರ್ ಹತ್ತಿರ ಅಪಾಯಿಂಟ್‌ಮೆಂಟ್ ಬೇರೆ ತಗೊಂಡಿದ್ದಾರಂತೆ. ಮರೆವಿನ ಡಾಕ್ಟರ್! “ಈಗಿಂದೀಗ ತೋರಿಸಿಬಿಡೋದು ಚಲೋ” ಅಂದರು. ಪಾಪ, ಅವರ ಮುಖದಲ್ಲಿ ನಿಜವಾದ ಚಿಂತೆ ಇತ್ತು.

ನಾನೂ ಎಲ್ಲರ ಜೊತೆ ನಕ್ಕೆ. ಆಮೇಲೆ ರೊಟ್ಟಿ ಅರ್ಧಕ್ಕೇ ಬಿಟ್ಟು ಕೈ ತೊಳೆದೆ.

ಯಾಕೆ ಅಂದರೆ ಅಕ್ಕ ಯಾವ ಗುಳಿಗೆಯನ್ನೂ ಮರೆತಿರಲಿಲ್ಲ. ಅದು ಈ ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತು. ಒಬ್ಬಳು ಅಕ್ಕ. ಇನ್ನೊಬ್ಬಳು ಪ್ರತಿ ವಾರ ಇದೇ ಜಾಗದಲ್ಲಿ ಕೂತು ಊರಿಗೆಲ್ಲ ಬುದ್ಧಿ ಹೇಳುವ ನಿಮ್ಮ ಈ ಅಂಕಣಗಾರ್ತಿ.

ಮೊದಲಿನಿಂದ ಹೇಳಿಬಿಡುತ್ತೇನೆ.

ಲಡಾಖ್ ಭಾವನವರ ಆಸೆ. ನೌಕರಿಯಲ್ಲಿದ್ದಾಗ ರೈಲು ಹೋಗುವ ಊರುಗಳನ್ನೆಲ್ಲ ಪಾಸಿನಲ್ಲಿ ನೋಡಿಯಾಗಿತ್ತು. ಇನ್ನು ರೈಲು ಹೋಗದ ಊರು ನೋಡಬೇಕು ಅಂದರು. ಭಾವ, ಅಕ್ಕ, ನನ್ನ ಯಜಮಾನರು, ನಾನು. ನಾಲ್ವರೂ ಹೈದರಾಬಾದಿನ ಗಟ್ಟಿ ನೆಲದ ಮಂದಿ. ಮಲ್ಕಾಜ್‌ಗಿರಿಯವರಿಗೆ ಎತ್ತರ ಅಂದರೆ ಮೌಲಾ ಅಲಿ ಗುಡ್ಡ. ಅದರ ಮೆಟ್ಟಿಲು ಹತ್ತಿದರೂ ಊರಿಗೆಲ್ಲ ಹೇಳಿಕೊಂಡು ಬರುವವರು ನಾವು.

ಹೊರಡುವ ಮುಂಚೆ ನಮ್ಮ ಏರಿಯಾದ ಡಾಕ್ಟರಿಗೆ ತೋರಿಸಿದೆವು. ಬಿಪಿ, ಸಕ್ಕರೆ, ಎದೆ ಎಲ್ಲ ನೋಡಿ ನಾಲ್ವರಿಗೂ ಒಂದು ಗುಳಿಗೆ ಬರೆದುಕೊಟ್ಟರು. ಎತ್ತರದ ಜಾಗಕ್ಕೆ ಮೈ ಬೇಗ ಹೊಂದಿಕೊಳ್ಳಲಿ ಅಂತ ಕೊಡುವ ಗುಳಿಗೆ. “ನೀಳ್ಳು ಬಾಗಾ ತಾಗಂಡಮ್ಮಾ” ಅಂತ ನಮ್ಮಿಬ್ಬರ ಕಡೆ ತಿರುಗಿ ತೆಲುಗಿನಲ್ಲಿ ಹೇಳಿದರು. ನೀರು ಚೆನ್ನಾಗಿ ಕುಡಿಯಿರಿ ಅಂತ. ಜೊತೆಗೆ, ಇದನ್ನು ತಗೊಂಡರೆ ಬಾತ್‌ರೂಮಿಗೆ ಜಾಸ್ತಿ ಹೋಗಬೇಕಾಗುತ್ತೆ, ಗಾಬರಿ ಬೀಳಬೇಡಿ ಅಂದರು.

ನಾನು ಅಕ್ಕನ ಮುಖ ನೋಡಿದೆ. ಅಕ್ಕ ನನ್ನ ಮುಖ ನೋಡಿದಳು. ಗಂಡಸರಿಬ್ಬರೂ ಬಿಲ್ಲು ಕೊಡಲು ಎದ್ದು ಹೋಗಿದ್ದರು.

ಹೆಂಗಸರಿಗೆ ಆ ನೋಟದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಗಂಡಸರಿಗಾಗಿ ಹೇಳುತ್ತೇನೆ. ದಾರಿಗೆ ಹೊರಟ ಹೆಣ್ಣುಮಕ್ಕಳು ನೀರು ಮುಟ್ಟುವುದಿಲ್ಲ. ನಮ್ಮ ಅತ್ತೆ ನಮಗಿಬ್ಬರಿಗೂ ಮದುವೆಯಾದ ಹೊಸತರಲ್ಲೇ ಕಲಿಸಿದ ಪಾಠ ಅದು. ನಾಳೆ ಬಸ್ಸು ಅಂದರೆ ಇವತ್ತು ಸಂಜೆಯಿಂದಲೇ ಬಾಯಿ ಬಂದ್. “ನೀರ ಕಡಿಮಿ ಕುಡೀರಿ, ದಾರ್‍ಯಾಗ ತ್ರಾಸ ಆಗತೈತಿ” ಅನ್ನೋರು. ರಾಯಚೂರಿನಿಂದ ಹೈದರಾಬಾದಿಗೆ ಹಾಗೇ ಬಂದೆವು. ಹೈದರಾಬಾದಿನಿಂದ ಕಾಶಿಗೂ ಹಾಗೇ ಹೋಗಿ ಬಂದೆವು. ಇವತ್ತಿಗೂ ಮಾದಾಪುರದ ಆಫೀಸಿಗೆ ಹೋಗುವ ಹುಡುಗಿಯರ ಬ್ಯಾಗಿನಲ್ಲಿ ನೀರಿನ ಬಾಟಲಿ ಇರುತ್ತೆ. ತುಂಬಿರುತ್ತೆ. ಸಂಜೆ ಮನೆಗೆ ಬಂದಾಗ ನೋಡಿ, ಆಗಲೂ ತುಂಬಿರುತ್ತೆ.

ಇದರ ಬಗ್ಗೆ ನಾನೇ ಬರೆದಿದ್ದೇನೆ. ಇದೇ ಪೇಪರಿನಲ್ಲಿ, ಇದೇ ಜಾಗದಲ್ಲಿ, ಕೆಂಡ ಕಾರುತ್ತಾ. ಹೆಣ್ಣುಮಕ್ಕಳು ನಾಚಿಕೆ ಬಿಟ್ಟು ಬಾಯಿಬಿಟ್ಟು ಕೇಳಬೇಕು ಅಂತ ಕರೆ ಕೊಟ್ಟಿದ್ದೆ. ನಿಮ್ಮಲ್ಲಿ ಅನೇಕರು ಭೇಷ್ ಅಂದಿರಿ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುವ ಮಾತು ಆವತ್ತು ನೆನಪಾಗಲಿಲ್ಲ.

ಲೇಹ್‌ನಲ್ಲಿ ಇಳಿದ ಮೊದಲೆರಡು ದಿನ ಹೋಟೆಲಿನಲ್ಲೇ ಮಲಗಿದ್ದೆವು. ಹಾಗೇ ಇರಬೇಕಂತೆ. ಒಂದು ಮಹಡಿ ಹತ್ತಿದರೆ ಮ್ಯಾರಥಾನ್ ಓಡಿದಷ್ಟು ಏದುಸಿರು. ಹಲ್ಲುಜ್ಜಿದರೂ ಏದುಸಿರು! ನಾಲ್ವರೂ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದೆವು. ಗುಳಿಗೆ ತಗೊಳ್ಳುತ್ತಿದ್ದೆವು, ಬಾತ್‌ರೂಮ್ ಪಕ್ಕದಲ್ಲೇ ಇತ್ತು, ನೀರೂ ಕುಡಿಯುತ್ತಿದ್ದೆವು. ಎಲ್ಲ ಸರಿಯಾಗಿತ್ತು.

ಗಾಡಿ ಹತ್ತಿದ ದಿನ ಶುರುವಾಯಿತು ನೋಡಿ.

ಅವತ್ತು ಊರ ಸುತ್ತಮುತ್ತ ಓಡಾಟ. ಬೋಳು ಬೆಟ್ಟ, ನೀಲಿ ಆಕಾಶ, ಒಂದು ಗಿಡವಿಲ್ಲ, ಒಂದು ಪೊದೆಯಿಲ್ಲ. ಬೇರೆಯವರಿಗೆ ಅದು ಸೌಂದರ್ಯ. ನಮಗಿಬ್ಬರಿಗೂ ಅದು ಮರೆಯೇ ಇಲ್ಲದ ಜಾಗ. ಅಕ್ಕ ಶಾಲಿನ ಕೆಳಗೆ ನನಗೆ ಮಾತ್ರ ಕಾಣುವ ಹಾಗೆ ಕಿರುಬೆರಳು ಎತ್ತಿದಳು. ಸ್ಕೂಲಿನ ಮಕ್ಕಳ ಹಾಗೆ. ಒಂದಕ್ಕೆ. ನಾನು ಯಜಮಾನರಿಗೆ ಪಿಸುಗುಟ್ಟಿದೆ, ಅವರು ಭಾವನವರಿಗೆ, ಭಾವ ಡ್ರೈವರಿಗೆ. ಸರ್ಕಾರಿ ಫೈಲಿನ ಥರ ಮೇಲೆ ಹೋಗಿ ಕೆಳಗೆ ಬರಬೇಕು ಅರ್ಜಿ! ಸಿಕ್ಕಿದ್ದು ಒಂದು ಟೀ ಅಂಗಡಿ, ಅದರ ಹಿಂದೆ ತಗಡಿನ ಬಾಗಿಲು. ಸ್ವಲ್ಪ ಹೊತ್ತಿಗೆ ಮತ್ತೆ ಕಿರುಬೆರಳು. ಆಮೇಲೆ ಮತ್ತೆ.

ಭಾವನವರಿಗೆ ರೇಗಿತು. “ಈಗರ ಹೋಗಿ ಬಂದೀ, ಮತ್ತೇನ? ಸಣ್ಣ ಕೂಸೇನು ನೀ?” ಅಂದರು, ಡ್ರೈವರ್ ಎದುರಿಗೇ.

ಅಕ್ಕ ಕಿಟಕಿಯ ಕಡೆ ತಿರುಗಿದಳು. ಕಿವಿ ಕೆಂಪಾಗಿದ್ದು ಪಕ್ಕದಲ್ಲೇ ಕೂತ ನನಗೆ ಕಂಡಿತು. (ಅಂದ ಹಾಗೆ, ಭಾವ ಫೋಟೋ ತೆಗೆಯಲಿಕ್ಕೆ ಅಂತ ಅದೇ ದಾರಿಯಲ್ಲಿ ಎಷ್ಟು ಸಲ ಗಾಡಿ ನಿಲ್ಲಿಸಿದರೋ ಲೆಕ್ಕವಿಲ್ಲ. ಅದಕ್ಕೆ ಯಾರ ಪರ್ಮಿಶನ್ನೂ ಬೇಕಾಗಿರಲಿಲ್ಲ.)

ಸಂಜೆ ನಾವಿಬ್ಬರೇ ರೂಮಿನಲ್ಲಿ ಕೂತಿದ್ದಾಗ ನಾನು ಬಾಯಿಬಿಟ್ಟೆ. ಅಕ್ಕ ಅಂತ ಕರೆದು ನೀನು ಅನ್ನುವ ಸಲಿಗೆ ನಮ್ಮದು, ಸೊಸೆಯಂದಿರಾಗಿ ಒಂದೇ ಅಡುಗೆಮನೆಯಲ್ಲಿ ಹೊಗೆ ಕುಡಿದವರು.

“ಅಕ್ಕಾ, ನಾಳೆ ದೂರದ ದಾರಿ. ಗುಳಗಿ ಬಿಟ್ಟಬಿಡು. ಅದರಿಂದನ ಇದೆಲ್ಲಾ” ಅಂದೆ.

“ಡಾಕ್ಟರು ತಗೋಬೇಕು ಅಂದಾರಲ್ಲವಾ?”

“ಏ, ಅಷ್ಟ ದಿನ ತಗೊಂಡೇವಲ್ಲ, ಮೈ ಹೊಂದಿಕೊಂಡೈತಿ. ನೀರೂ ಭಾಳ ಕುಡೀಬ್ಯಾಡ. ನಾನೂ ಗುಳಗಿ ಬಿಡ್ತೀನಿ.”

“ನೀನೂ ಬಿಡ್ತೀಯಲ್ಲ, ಹಂಗಾದ್ರ ಆತು” ಅಂದಳು ಅಕ್ಕ. ಅವಳ ಮುಖ ಹಗುರಾಯಿತು. ನಾನು ನಾಲ್ಕಕ್ಷರ ಬರೆಯುವವಳು, ಪೇಪರಿನಲ್ಲಿ ಫೋಟೋ ಬರುವವಳು. ನನಗೆ ಗೊತ್ತಿಲ್ಲದ್ದು ಏನಿದ್ದೀತು ಅಂತ ಅವಳ ಭಾವನೆ.

ಮುಂದಿನ ಸಾಲನ್ನು ಎರಡು ಸಲ ಬರೆದು ಹೊಡೆದುಹಾಕಿದೆ. ಮಾರನೇ ದಿನ ಬೆಳಿಗ್ಗೆ ಎದ್ದಾಗ ನನಗೆ ತಲೆ ಭಾರವಾಗಿತ್ತು. ಹೆದರಿಕೆಯಾಯಿತು. ಬಾತ್‌ರೂಮಿಗೆ ಹೋಗಿ, ಬಾಗಿಲು ಹಾಕಿಕೊಂಡು, ಗುಳಿಗೆ ನುಂಗಿದೆ. ಮೇಲೆ ಎರಡು ಲೋಟ ನೀರು ಕುಡಿದೆ. ಹೊರಗೆ ಬಂದು ಅಕ್ಕನಿಗೆ ಹೇಳಲಿಲ್ಲ. ಹೇಳಲು ಎಷ್ಟು ಹೊತ್ತು ಬೇಕಿತ್ತು? ಒಂದು ವಾಕ್ಯ. “ಅಕ್ಕಾ, ನಾ ತಗೊಂಡೆ, ನೀನೂ ತಗೋ.” ಆದರೆ ಹಿಂದಿನ ಸಂಜೆ ಅಷ್ಟು ಗತ್ತಿನಿಂದ ಹೇಳಿದ ಮೇಲೆ ಬೆಳಿಗ್ಗೆ ಹೇಗೆ ವಾಪಸ್ ತಗೊಳ್ಳಲಿ ಅನಿಸಿತು. ಬುದ್ಧಿ ಹೇಳುವ ಚಟದವರಿಗೆ ಇದೊಂದು ರೋಗ.

ಸರೋವರ ನೋಡಲು ಹೊರಟ ಗಾಡಿ ಘಾಟಿ ಹತ್ತತೊಡಗಿತು. ಗುಳಿಗೆಯ ಪ್ರಭಾವ ನನಗೆ ಬೇಗನೇ ಶುರುವಾಯಿತು. ನಾನೇನು ಮಾಡಿದೆ ಗೊತ್ತೇ? “ಭಾವಾರ, ಇಲ್ಲಿ ಒಂದ ಫೋಟೋ ತಗೀಬೇಕ್ರಿ, ಲೇಖನಕ್ಕ ಬೇಕು” ಅಂದೆ. ಗಾಡಿ ತಕ್ಷಣ ನಿಂತಿತು. ಬಂಡೆಯ ಹಿಂದೆ ಹೋಗಿ ಬಂದೆ. ಲೇಖನದ ಹೆಸರು ಹೇಳಿದರೆ ಗಾಡಿ ನಿಲ್ಲುತ್ತೆ, ಮೈಯ ಹೆಸರು ಹೇಳಿದರೆ ನಿಲ್ಲುವುದಿಲ್ಲ. ಅಕ್ಕನನ್ನು ಕರೆಯಬಹುದಿತ್ತು. ಅವಳು ಕಣ್ಣು ಮುಚ್ಚಿ ಕೂತಿದ್ದಳು, ಮಲಗಿರಲಿ ಅಂದುಕೊಂಡೆ.

ಅವಳು ಮಲಗಿರಲಿಲ್ಲ.

ಇನ್ನಷ್ಟು ಮೇಲೆ ಹೋದಾಗ ಅಕ್ಕನ ಉಸಿರು ಸದ್ದು ಮಾಡತೊಡಗಿತು. ಸುಮ್ಮನೆ ಕೂತಲ್ಲೇ ಏದುತ್ತಿದ್ದಳು. ತುಟಿ ಕಪ್ಪಿಟ್ಟಿತ್ತು. “ತಲಿ ಸಿಡ್ಯಾಕತ್ತೈತಿ” ಅಂದಳು. “ಕಣಿವೆ ನೋಡಿ ಅಂಜಾಕತ್ತಾಳ” ಅಂದರು ಭಾವ. ನಾನು? ನಾನು ಮತ್ತೆ ಬುದ್ಧಿ ಹೇಳಿದೆ. ಟೀವಿಯಲ್ಲಿ ಬೆಳಿಗ್ಗೆ ಬರುವ ಯೋಗದ ಪಾಠ ನೆನಪಿಸಿಕೊಂಡು, “ಉಸಿರು ಹಿಡಿ ಅಕ್ಕಾ, ಹಿಡಿದು ನಿಧಾನಕ್ಕ ಬಿಡು” ಅಂದೆ. ಪಾಪ, ಹಿಡಿಯಲು ನೋಡಿದಳು. ಹಿಡಿಯಲು ಆಗದೆ ಕೆಮ್ಮಿದಳು. ಡ್ರೈವರ್ ಕನ್ನಡಿಯಲ್ಲಿ ನೋಡಿದವನೇ ಯಾರನ್ನೂ ಕೇಳದೆ ಗಾಡಿ ತಿರುಗಿಸಿದ. “ನೀಚೇ ಜಾನಾ ಪಡೇಗಾ” ಅಂದ, ಕೆಳಗಿಳಿಯಲೇಬೇಕು ಅಂತ. ಅಷ್ಟೇ.

ಕೆಳಗಿಳಿಯುವ ದಾರಿಯುದ್ದಕ್ಕೂ ಅಕ್ಕನ ತಲೆ ನನ್ನ ಭುಜದ ಮೇಲಿತ್ತು. ಒಂದೊಂದು ಉಸಿರೂ ಬಾವಿಯಿಂದ ಕೊಡ ಎಳೆದ ಹಾಗೆ ಬರುತ್ತಿತ್ತು. ಒಂದು ಎಳೆದಾದ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಅಂತ ನಾನು ಕಾಯುತ್ತಿದ್ದೆ. ಅಷ್ಟೂ ಹೊತ್ತು ನನ್ನ ಉಸಿರು ಮಾತ್ರ ಸರಾಗವಾಗಿ ಆಡುತ್ತಿತ್ತು. ಅದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದು ಇದೆಯೇ?

ಲೇಹ್‌ನ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿದರು. ವಯಸ್ಸಾದ ಡಾಕ್ಟರು, ಮಾತು ಕಡಿಮೆ. ಎದೆ ಪರೀಕ್ಷಿಸಿದರು, ಬೆರಳಿಗೆ ಕ್ಲಿಪ್ ಸಿಕ್ಕಿಸಿ ನೋಡಿದರು. ಹೈದರಾಬಾದಿನ ಡಾಕ್ಟರ್ ಬರೆದ ಗುಳಿಗೆಯ ಬಗ್ಗೆ ಭಾವ ಹೇಳಿದಾಗ ಅವರು ಗುಳಿಗೆ ತಗೊಂಡಿದ್ದಿರಾ ಅಂತ ಅಕ್ಕನನ್ನೇ ಕೇಳಿದರು. “ದವಾಯಿ ಲೀ ಥೀ?”

ಅಕ್ಕ ನನ್ನ ಕಡೆ ನೋಡಿದಳು. ಒಂದೇ ಒಂದು ಕ್ಷಣ. ಆಮೇಲೆ ಮಾಸ್ಕ್ ಸ್ವಲ್ಪ ಎತ್ತಿ, ನಮ್ಮ ಹೈದರಾಬಾದಿ ಹಿಂದಿಯಲ್ಲಿ, “ಭೂಲ್ ಗಯೀ” ಅಂದಳು. ಮರೆತುಹೋಯಿತು.

ಭಾವ ಹಣೆ ಹಣೆ ಬಡಿದುಕೊಂಡರು. ನಾನು ಅಲ್ಲೇ, ಮಂಚದ ಕಾಲ ಹತ್ತಿರ, ಅವಳ ಚಪ್ಪಲಿ ಹಿಡಿದುಕೊಂಡು ನಿಂತಿದ್ದೆ.

ಆ ಡಾಕ್ಟರ್ ಸಂಜೆ ರೌಂಡ್ಸಿಗೆ ಬಂದಾಗ ನಾನು ಅವರನ್ನು ವರಾಂಡದಲ್ಲಿ ತಡೆದು ಕೇಳಿದೆ. ಉಸಿರಿಗೂ ಆ ಗುಳಿಗೆಗೂ ಏನು ಸಂಬಂಧ? ಅವರು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಕನ್ನಡದಲ್ಲಿ ಹೇಳುತ್ತೇನೆ.

ಎತ್ತರದಲ್ಲಿ ಗಾಳಿ ತೆಳು. ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ. ನಮ್ಮ ಕುತ್ತಿಗೆಯ ರಕ್ತನಾಳದ ಹತ್ತಿರ ಅಕ್ಕಿಕಾಳಿನಷ್ಟು ಚಿಕ್ಕ ಅಂಗವೊಂದು ಕೂತಿರುತ್ತದಂತೆ, ಎರಡೂ ಬದಿಗೆ ಒಂದೊಂದು. ಆಮ್ಲಜನಕ ಕಡಿಮೆಯಾದದ್ದು ಅದಕ್ಕೆ ತಕ್ಷಣ ಗೊತ್ತಾಗುತ್ತೆ. ‘ಜಾಸ್ತಿ ಉಸಿರಾಡು’ ಅಂತ ಮಿದುಳಿಗೆ ತಾಕೀತು ಮಾಡುತ್ತೆ. ನಾವು ಏದತೊಡಗುತ್ತೇವೆ. ನಾವು ಹೋಟೆಲಿನ ಮೆಟ್ಟಿಲ ಮೇಲೆ ನಗಾಡಿದೆವಲ್ಲ, ಆ ಏದುಸಿರು ವಯಸ್ಸಾದದ್ದರ ಗುರುತಲ್ಲ, ಅಂಜಿಕೆಯೂ ಅಲ್ಲ. ಮೈ ತನ್ನ ಕೆಲಸ ಶುರು ಮಾಡಿದ್ದರ ಗುರುತು.

ಆದರೆ ಜಾಸ್ತಿ ಉಸಿರಾಡಿದರೆ ಮೈಯೊಳಗಿನ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗುತ್ತೆ. ಅದು ಹೋದರೆ ರಕ್ತದಲ್ಲಿ ಹುಳಿ ಕಡಿಮೆಯಾಗಿ ಕ್ಷಾರ ಏರುತ್ತೆ. ಆಗ ಮಿದುಳಿಗೆ ಗಾಬರಿ. ‘ಸಾಕು, ನಿಧಾನ’ ಅಂತ ಬ್ರೇಕ್ ಹಾಕುತ್ತೆ. ಕುತ್ತಿಗೆ ಎಕ್ಸಿಲರೇಟರ್ ಒತ್ತುತ್ತಿದೆ, ಮಿದುಳು ಬ್ರೇಕ್ ಒತ್ತುತ್ತಿದೆ. ಗಾಡಿ ಮುಂದೆ ಹೋಗುವುದು ಹೇಗೆ?

ಈ ಜಗಳ ಬಿಡಿಸುವುದು ಶ್ವಾಸಕೋಶ ಅಲ್ಲ. ಮೂತ್ರಪಿಂಡ! ಅದು ರಕ್ತದಲ್ಲಿ ಹೆಚ್ಚಾದ ಕ್ಷಾರವನ್ನು ಸೋಸಿ, ಮೂತ್ರದಲ್ಲಿ ಹೊರಗೆ ಹಾಕುತ್ತೆ. ಕೆಲವು ದಿನ ಹಿಡಿಯುವ ಕೆಲಸ. ಅದು ನಡೆದ ಹಾಗೆಲ್ಲ ಬ್ರೇಕ್ ಸಡಿಲವಾಗಿ ಉಸಿರು ಬಿಚ್ಚಿಕೊಳ್ಳುತ್ತೆ. ಆ ಗುಳಿಗೆ ಮೂತ್ರಪಿಂಡದ ಕೈಯಲ್ಲಿ ಇದನ್ನೇ ಬೇಗ ಮಾಡಿಸುತ್ತೆ. ಹಾಗಾಗಿ ಎತ್ತರಕ್ಕೆ ಬಂದವರು ಪದೇ ಪದೇ ಒಂದಕ್ಕೆ ಹೋದರೆ ಡಾಕ್ಟರಿಗೆ ಖುಷಿಯಂತೆ. ಮೈ ಒಗ್ಗಿಕೊಳ್ಳುತ್ತಿದೆ ಅಂತ ಅರ್ಥವಂತೆ.

ಓದುಗರೇ, ನನ್ನ ಸ್ಥಿತಿ ಊಹಿಸಿಕೊಳ್ಳಿ. ಅಕ್ಕ ಶಾಲಿನ ಕೆಳಗೆ ಕಿರುಬೆರಳು ಎತ್ತಿದಾಗಲೆಲ್ಲ ಅವಳು ಕೇಳುತ್ತಿದ್ದದ್ದು ಉಸಿರನ್ನು. ನಾನು ಅದನ್ನೇ ಕಟ್ಟಿಕೋ ಅಂದೆ. ಹೊರಗೆ ಹೋಗುವ ದಾರಿ ಕಟ್ಟಿಸಿ, ಘಾಟಿಯ ಮೇಲೆ ‘ಉಸಿರು ಹಿಡಿ’ ಅಂತ ಬೇರೆ ಹೇಳಿದೆ.

“ಗುಳಿಗೆ ತಗೊಂಡಿದ್ದರೆ ಹೀಗಾಗುತ್ತಿರಲಿಲ್ಲವಾ?” ಅಂತ ಕೇಳಿದೆ. ಡಾಕ್ಟರ್ ಭುಜ ಕುಣಿಸಿದರು. ತಗೊಂಡವರಿಗೂ ಆಗುತ್ತೆ, ತಗೊಳ್ಳದವರು ಆರಾಮಾಗಿ ಇರುತ್ತಾರೆ, ಮೈಯಿಂದ ಮೈಗೆ ವ್ಯತ್ಯಾಸ, ಇದರಿಂದಲೇ ಅಂತ ಯಾರೂ ಹೇಳಲಾರರು ಅಂದರು. ದೊಡ್ಡ ಮನಸ್ಸಿನವರು. ಆದರೆ ಒಬ್ಬಳು ಗುಟ್ಟಾಗಿ ನುಂಗಿದಳು, ಇನ್ನೊಬ್ಬಳ ಕೈಯಲ್ಲಿ ಬಿಡಿಸಿದಳು ಅನ್ನುವ ವಿಷಯ ಅವರಿಗೆ ಗೊತ್ತಿರಲಿಲ್ಲವಲ್ಲ.

ಅಕ್ಕ ಚೇತರಿಸಿಕೊಂಡಳು. ಸರೋವರ ನೋಡದೆಯೇ ವಾಪಸ್ ಬಂದೆವು. ಭಾವ ಬೇಸರ ಮಾಡಿಕೊಳ್ಳಲಿಲ್ಲ. “ಇಕಿ ಉಳದಳಲ್ಲ, ಸಾಕು” ಅಂದರು. ಆದರೆ ಮನೆಗೆ ಬಂದ ಮೇಲೆ ಕಥೆಗೆ ಕೈಕಾಲು ಬಂತು. ನೆಂಟರು ಫೋನ್ ಮಾಡಿದರೆ ಅದೇ ಮಾತು: ಸುಶೀಲಾಗ ಮರವು ಹತ್ತೈತಿ. ಗ್ಯಾಸ್ ಆರಿಸಿದಳೋ ಇಲ್ಲವೋ ಅಂತ ಭಾವ ಹಿಂದೆ ಹಿಂದೆ ಹೋಗಿ ನೋಡುತ್ತಾರೆ. ಮನೆಯ ಬೀಗದ ಕೈ ಈಗ ಅವರ ಜೇಬಿನಲ್ಲಿ. ಒಬ್ಬಳೇ ರೈತು ಬಜಾರಿಗೆ ಹೋಗಬೇಡ ಅಂದಿದ್ದಾರೆ. ಇಡೀ ಖಾಂದಾನಿನ ಹುಟ್ಟುಹಬ್ಬ, ಶ್ರಾದ್ಧದ ತಿಥಿ, ಯಾರ ಮಗಳಿಗೆ ಯಾವ ಊರಿನ ಸಂಬಂಧ ಎಲ್ಲ ಬಾಯಲ್ಲೇ ಇಟ್ಟುಕೊಂಡಿರುವವಳು ಅಕ್ಕ! ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುತ್ತಿರುವವಳು ಅವಳು.

ಅವತ್ತು ಊಟವಾದ ಮೇಲೆ ಅಡುಗೆಮನೆಯಲ್ಲಿ ಅವಳ ಕೈ ಹಿಡಿದುಕೊಂಡೆ. ನಾನೂ ಬಿಡ್ತೀನಿ ಅಂದದ್ದು, ಬೆಳಿಗ್ಗೆ ಬಾಗಿಲು ಹಾಕಿಕೊಂಡು ನುಂಗಿದ್ದು, ಎಲ್ಲ ಹೇಳಿ ಅತ್ತುಬಿಟ್ಟೆ. ಅಕ್ಕ ಸಿಂಕಿನ ನಲ್ಲಿ ಬಂದ್ ಮಾಡಿದಳು.

“ಫೋಟೋ ತಗೀಬೇಕು ಅಂತ ಇಳದ್ಯಲ್ಲ, ಅವಾಗ ಗೊತ್ತಾತು ನಂಗ” ಅಂದಳು.

ಗೊತ್ತಿತ್ತು! ಗೊತ್ತಿದ್ದೂ ಡಾಕ್ಟರ ಮುಂದೆ ‘ಭೂಲ್ ಗಯೀ’ ಅಂದಿದ್ದಳು. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಅನಿಸಿತು.

“ಈಗ ಹೋಗಿ ಭಾವಾರಿಗೆ ಹೇಳಿಬಿಡ್ತೀನಿ” ಅಂತ ಹೊರಟೆ. ಅವಳು ಸೆರಗು ಹಿಡಿದು ನಿಲ್ಲಿಸಿದಳು.

“ಬ್ಯಾಡವಾ. ಸೋಮವಾರ ಹೋಗ್ತೀನಿ, ಡಾಕ್ಟರು ಏನರ ಕೇಳ್ತಾರ, ಹೇಳ್ತೀನಿ, ಪಾಸ್ ಆಗ್ತೀನಿ. ಮರಗುಳಿ ಅಂದ್ರ ಅನ್ಲಿ, ಅದಕ್ಕೇನ ನಾಚಿಕಿ? ಒಂದಕ್ಕ ಹೋಗಬೇಕಾಗತೈತಿ ಅಂತ ಗುಳಗಿ ಬಿಟ್ಟಳು ಅಂತ ನಾಕ ಮಂದಿಗೆ ಗೊತ್ತಾದ್ರ ಮಾರಿ ಹ್ಯಾಂಗ ತೋರಿಸಲಿ?”

ಬುದ್ಧಿ ಕೆಟ್ಟವಳು ಅನಿಸಿಕೊಳ್ಳುವುದಕ್ಕೆ ಇಲ್ಲದ ನಾಚಿಕೆ, ಮೈಯ ಒಂದು ಸಹಜ ಕೆಲಸಕ್ಕೆ! ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಯಾಕೆಂದರೆ ಹೊರಗೆ ಹಾಲಿನಲ್ಲಿ ಭಾವ ಕೂತಿದ್ದರು, ಅವರ ಮುಂದೆ ಹೋಗಿ ಆ ಮಾತು ಹೇಳಲು ನನಗೂ ನಾಲಿಗೆ ಏಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ.

ಬಂದು ಇದನ್ನು ಬರೆದೆ. ಅಕ್ಕನ ಮಾತು ಮೀರಿದ್ದೇನೆ. ಅವಳು ಬೈದರೆ ಬೈಯಲಿ, ವಾರಗಟ್ಟಲೆ ಮಾತು ಬಿಟ್ಟರೂ ಬಿಡಲಿ. ಭಾವ ಭಾನುವಾರ ಪೇಪರ್ ಬಂದ ಕೂಡಲೇ ಮೊದಲು ತೆಗೆಯುವುದು ಈ ಪುಟವನ್ನೇ ಅಂತ ನನಗೆ ಗೊತ್ತು. ಅಪಾಯಿಂಟ್‌ಮೆಂಟ್ ನಾಳೆ.

ಭಾವಾರ, ಎದುರಿಗೆ ಹೇಳಲಾಗದ್ದನ್ನು ಊರೆಲ್ಲರ ಮುಂದೆ ಹೇಳುತ್ತಿದ್ದೇನೆ, ಕ್ಷಮಿಸಿ. ಅಕ್ಕ ಗುಳಿಗೆ ಮರೆತಿರಲಿಲ್ಲ. ತಗೋಬೇಡ ಅಂದವಳು ನಾನು. ಗುಟ್ಟಾಗಿ ತಗೊಂಡವಳೂ ನಾನು. ನಾನು ಸಿಕ್ಕಿಬೀಳದಿರಲಿ ಅಂತ ಅವಳು ಆ ಉಸಿರಿಲ್ಲದ ಹೊತ್ತಿನಲ್ಲೂ ನೆನಪಿಟ್ಟು ಸುಳ್ಳು ಹೇಳಿದಳು.

ಈಗ ಹೇಳಿ, ನಾಳೆ ಅವಳನ್ನು ಮರೆವಿನ ಡಾಕ್ಟರ ಹತ್ತಿರ ಕರಕೊಂಡು ಹೋಗ್ತೀರಾ?